ಓತಿಕ್ಯಾತದ ಬಣ್ಣ

ಮಠದಲ್ಲಿ ಅಂದು ನಡೆಯಬಾರದ್ದು ನಡೆಯಿತು. ಗುರುಗಳು ಮಧ್ಯಾಹ್ನದ ಮಜ್ಜಿಗೆ ಕುಡಿದು ಲೋಟ ಕೆಳಗಿಡುವ ಮೊದಲೇ ಸಿದ್ಧಮಲ್ಲನೆಂಬ ಶಿಷ್ಯ ಪ್ರಶ್ನೆ ಕೇಳಿಬಿಟ್ಟ. ಇಂಥ ಘಟನೆ ಹಿಂದೆ ನಡೆದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಅಡುಗೆಯವರು ಬಾಗಿಲಿಗೆ ಬಂದು ನಿಂತರು. ಸಿದ್ಧಮಲ್ಲನಿಗೂ ಕಾರಣವಿತ್ತು. ಮರುದಿನ ಅವನು ದೂರದ ಶಾಖಾಮಠಕ್ಕೆ ಹೊರಡಬೇಕಿತ್ತು. ಮತ್ತೆ ಈ ಜಗಲಿಯಲ್ಲಿ ಕೂರುವ ಯೋಗ ಇರಲಿಲ್ಲ.

"ಬುದ್ಧೀ, ಒಂಬತ್ತು ವರ್ಷ ತಾವು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ಏಳು ನೋಟ್‌ಬುಕ್ಕಾಗಿದೆ. ನಿನ್ನೆ ಕೂತು ಎಲ್ಲ ಓದಿದೆ. ಒಂದು ಮಾತೂ ಬಿಟ್ಟಿಲ್ಲ. ಆದರೂ ಅದರಲ್ಲಿ ತಾವಿಲ್ಲ. ನಾನು ಬಿಟ್ಟದ್ದೇನು?"

ಗುರುಗಳು ಲೋಟ ಕೆಳಗಿಟ್ಟರು. ಸಿದ್ಧಮಲ್ಲ ಎಂಟನೆಯ ನೋಟ್‌ಬುಕ್ಕು ತೆರೆದ. ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಂದು ವಸ್ತುಸಂಗ್ರಹಾಲಯ. ಅದರ ಹಿಂದಿನ ಕೋಣೆಯಲ್ಲಿ ಆ ಸೀಮೆಯ ಹಾವು, ಹಲ್ಲಿ, ಓತಿಕ್ಯಾತಗಳೆಲ್ಲ ಸ್ಪಿರಿಟ್ ತುಂಬಿದ ಸೀಸೆಗಳಲ್ಲಿದ್ದವು. ಒಟ್ಟು ಆರುನೂರ ಹನ್ನೆರಡು ಸೀಸೆ. ಅವುಗಳ ಪಟ್ಟಿ ಮಾಡಲು ಒಬ್ಬ ಹೆಂಗಸನ್ನು ನೇಮಿಸಿದರು. ಪ್ರಾಣಿಯ ಹೆಸರು, ಉದ್ದ, ಸಿಕ್ಕಿದ ಜಾಗ, ಸಿಕ್ಕಿದ ದಿನ, ಬದುಕಿದ್ದಾಗಿನ ಬಣ್ಣ ಇಷ್ಟನ್ನು ಬರೆಯಬೇಕು.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕಿತ್ತು. ಸ್ಪಿರಿಟ್ ದೇಹವನ್ನು ಕಾಪಾಡುತ್ತದೆ, ಬಣ್ಣವನ್ನು ಕಾಪಾಡುವುದಿಲ್ಲ. ಹಸಿರು ಹಾವು ಅದರಲ್ಲಿ ಮುಳುಗಿದ್ದು ಮುಳುಗಿದ್ದು ನೀಲಿಯಾಗುತ್ತದೆ. ಹಿಂದೆ ಪಟ್ಟಿ ಮಾಡಿದವನು ಸೀಸೆಯಲ್ಲಿ ಕಂಡದ್ದನ್ನೇ ಬರೆದಿದ್ದ. ಅವನ ಲೆಕ್ಕದಂತೆ ಆ ಸೀಮೆಯಲ್ಲಿ ಮೂವತ್ತೊಂದು ನೀಲಿ ಹಾವುಗಳಿದ್ದವು. ಸೀಮೆಯ ಜನ ಒಂದನ್ನೂ ಕಂಡಿರಲಿಲ್ಲ. ಹೆಂಗಸು ಮೂವತ್ತೊಂದನ್ನೂ ತಿದ್ದಿದಳು.

ಕೊನೆಗೆ ಒಂದು ಸೀಸೆ ಉಳಿಯಿತು. ಒಳಗೆ ಗೇಣುದ್ದದ ಓತಿಕ್ಯಾತ. ಅಂಥದ್ದು ಇನ್ನೊಂದು ಎಲ್ಲೂ ಸಿಕ್ಕಿರಲಿಲ್ಲ. ಅದು ಸಿಕ್ಕಿದ ಗುಡ್ಡವನ್ನು ಆಮೇಲೆ ಕಲ್ಲಿಗಾಗಿ ಒಡೆದು ಹಳ್ಳ ಮಾಡಿದ್ದರು. ಸೀಸೆಗೆ ಅಂಟಿಸಿದ್ದ ಚೀಟಿಯಲ್ಲಿ ಬಣ್ಣ ಬರೆದಿರಲಿಲ್ಲ. ಈಗ ಅದು ನೆನೆದ ಕಾಗದದ ಹಾಗೆ ಬೂದಾಗಿ ಬಿಳಿಚಿಕೊಂಡಿತ್ತು.

ಅವಳು ದಿನವೂ ಬೆಳಿಗ್ಗೆ ಬಂದು ಮೊದಲು ಆ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು. ಬಿಸಿಲಿನಲ್ಲಿ, ಕಲ್ಲಿನ ಮೇಲೆ, ಕತ್ತೆತ್ತಿ ಕೂತಾಗ ಇದು ಹೇಗೆ ಕಾಣುತ್ತಿತ್ತೋ. ಮನೆಯಲ್ಲಿ ಅಕ್ಕಿ ತೊಳೆಯುವಾಗಲೂ ಅದೇ ಯೋಚನೆ. ನೋಡದೆ ಇರುವ ಒಂದು ಬಣ್ಣಕ್ಕಾಗಿ ಅವಳ ಜೀವ ಹಂಬಲಿಸುತ್ತಿತ್ತು.

"ಬೂದು ಅಂತ ಬರೆದು ಮುಗಿಸಮ್ಮ," ಎಂದರು ಮೇಲಧಿಕಾರಿ.

"ಅದು ಸ್ಪಿರಿಟ್ ಕೊಟ್ಟ ಬಣ್ಣ, ಸಾರ್."

"ಓತಿಕ್ಯಾತ ಬಂದು ತಕರಾರು ಅರ್ಜಿ ಕೊಡುತ್ತದೆಯೇ?"

ಕೊಡುವುದಿಲ್ಲವೆಂದು ಅವಳು ಒಪ್ಪಿಕೊಂಡಳು. ಮರುದಿನ ರಜೆ ಹಾಕಿ, ಚೀಟಿಯಲ್ಲಿದ್ದ ಹೆಸರಿನ ಜಾಡಿನಲ್ಲಿ, ಆ ಓತಿಕ್ಯಾತವನ್ನು ಹಿಡಿದವನನ್ನು ಹುಡುಕಿಕೊಂಡು ಹೋದಳು.

ಅವನು ಈಗ ಮುದುಕನಾಗಿದ್ದ. ನೆನಪು ಮಾತ್ರ ಗಟ್ಟಿಯಾಗಿತ್ತು. ಗುಡ್ಡದ ಯಾವ ಮಗ್ಗುಲು, ಯಾವ ಬಂಡೆ, ಎಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತೆ, ಕೋಲಿನ ತುದಿಗೆ ದಾರದ ಕುಣಿಕೆ ಕಟ್ಟಿ ಅದರ ಕತ್ತಿಗೆ ಹೇಗೆ ಇಳಿಬಿಟ್ಟೆ ಎಂದು ಎಲ್ಲವನ್ನೂ ಹೇಳಿದ.

"ಬಣ್ಣ?" ಎಂದಳು ಅವಳು.

ಕುಣಿಕೆ ಇಳಿಬಿಡುವಂತೆ ಎತ್ತಿದ್ದ ಕೈಯನ್ನು ಮುದುಕ ಕೆಳಗಿಳಿಸಿದ.

"ನನ್ನ ಕಣ್ಣೆಲ್ಲ ಕುಣಿಕೆಯ ಮೇಲಿತ್ತು, ತಾಯಿ. ಸಿಕ್ಕಿದ ಮೇಲೆ ಸೀಸೆಯ ಮುಚ್ಚಳ ಹುಡುಕುತ್ತಿದ್ದೆ. ಕೈಗೆ ಬಂತಲ್ಲ, ಇನ್ನೆಲ್ಲಿ ಹೋಗುತ್ತೆ, ನಿಧಾನವಾಗಿ ನೋಡೋಣ ಅಂದುಕೊಂಡೆ."

ಅವಳು ಎದ್ದಳು. ಮುದುಕ ಅಂಗಳದವರೆಗೆ ಜೊತೆಗೆ ಬಂದ.

"ಅದು ನಿಮ್ಮ ಹತ್ತಿರವೇ ಇದೆಯಲ್ಲ," ಎಂದ. "ಯಾವ ಬಣ್ಣ ಅಂತ ಗೊತ್ತಾದರೆ ನನಗೊಂದು ಕಾಗದ ಹಾಕಿ."

ಅವಳು ಹಿಂತಿರುಗಿ ಬಂದು, ಆ ಒಂದು ಜಾಗವನ್ನು ಖಾಲಿ ಬಿಟ್ಟು, ಪಟ್ಟಿಯನ್ನು ಒಪ್ಪಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧಮಲ್ಲ ನೋಟ್‌ಬುಕ್ಕಿನ ಮೇಲೆ ಬಾಗಿ ಕೊನೆಯ ವಾಕ್ಯ ಬರೆಯುತ್ತಿದ್ದ. ಅವನು ಬರೆದು ಮುಗಿಸುವವರೆಗೆ ಗುರುಗಳು ಕಾದರು.

"ತಲೆ ಎತ್ತದೆ ಹೇಳಪ್ಪ, ಈ ಕತೆ ಹೇಳುವಾಗ ನಾನು ನಗುತ್ತಿದ್ದೆನೋ, ಅಳುತ್ತಿದ್ದೆನೋ?"

ಸಿದ್ಧಮಲ್ಲ ತಲೆ ಎತ್ತದೆ ಪುಟಗಳನ್ನು ಹಿಂದಕ್ಕೆ ತಿರುವಿದ, ಅದನ್ನು ಎಲ್ಲೂ ಬರೆದುಕೊಂಡಿರಲಿಲ್ಲ. ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟುಹೋದ.