ಪಾಲಯ್ಯ ಉಳಿಸಿದ ಗಂಟು

ಬಂಡೆಗಳೆಲ್ಲ ಇನ್ನೂ ಮೆತ್ತಗಿದ್ದ ಕಾಲ. ಕಣಿವೆಯ ಅಂಚಿಗೆ ತೂಗುಗಲ್ಲು ಅಂತ ಒಂದೂರು. ಆ ಊರಲ್ಲಿ ಪಾಲಯ್ಯ ಅಂತ ಒಬ್ಬ ಬಡಗಿ ಇದ್ದನಂತೆ. ಅವನು ಉಜ್ಜಿದ ಮಣೆ ಮೇಲೆ ಇರುವೆ ನಡೆದರೆ ಜಾರಿ ಬೀಳುತ್ತಿತ್ತಂತೆ. ನಗಬೇಡಿ, ಅಂಥದೊಂದು ಮಣೆ ನಮ್ಮನೇಲೇ ಇತ್ತು. ಬೆಕ್ಕು ಜಾರಿ ಸೊಂಟ ಮುರಿದುಕೊಂಡಿದ್ದನ್ನು ನಾನೇ ಕಂಡಿದ್ದೀನಿ.

ಪಾಲಯ್ಯನ ಒಬ್ಬಳೇ ಮಗಳು ಚಿನ್ನಕ್ಕನನ್ನು ಆಚೆ ದಡಕ್ಕೆ ಕೊಟ್ಟಿದ್ದರು. ನಡುವೆ ಹಗ್ಗದ ಸೇತುವೆ. ಆ ವರ್ಷದ ಮಳೆಗೆ ಸೇತುವೆ ಹರಿದು ಹೋಯಿತು. ಕಣಿವೆ ತುಂಬಾ ನೀರು, ನೀರಿನ ಮೇಲೆ ಹಿಂಜಿದ ಹತ್ತಿಯಂಥ ಮಂಜು. ಒಂದು ದಿನ ಆಚೆ ಬಂಡೆಯ ಮೇಲೆ ಕೆಂಪು ಸೀರೆ ಕಂಡಿತು. ದಿನ ತುಂಬಿದಾವೆ, ಕರೆದುಕೊಂಡು ಹೋಗು ಅಂತ ಮಗಳು ಹರವಿದ್ದು ಅದು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ. ಸೂಲಗಿತ್ತಿ ಇದ್ದದ್ದೂ ಈಚೆಗೇ, ಕಣ್ಣು ಹೋದ ಸೂರಜ್ಜಿ.

ಹೊಸ ಸೇತುವೆ ಕಟ್ಟಬೇಕಾದರೆ ಮೊದಲು ಬಾಣದ ಬಾಲಕ್ಕೆ ನೂಲು ಕಟ್ಟಿ ಆಚೆಗೆ ಹೊಡೆಯಬೇಕು. ನೂಲಿನ ಹಿಂದೆ ಹುರಿ, ಹುರಿಯ ಹಿಂದೆ ಹಗ್ಗ. ಅಷ್ಟು ದೂರ ಎಸೆಯುವ ಬಿಲ್ಲು ಮಾಡಬಲ್ಲವಳೂ ಸೂರಜ್ಜಿಯೇ, ಆದರೆ ಅವಳ ಕೈ ನಡುಗುತ್ತಿತ್ತು. ಕಲಿಸು ಅಂತ ಪಾಲಯ್ಯ ಅವಳ ಕಾಲ ಬಳಿ ಕೂತನಂತೆ.

ಒಲೆಯ ಹೊಗೆಯಲ್ಲಿ ಒಣಗಿದ ತಡಸಲು ಮರದ ಕೋಲು ಅಟ್ಟದಲ್ಲಿ ಮೂರೇ ಮೂರು ಇದ್ದವು. ಮೊದಲನೆಯದನ್ನು ಪಾಲಯ್ಯ ಹಾವಿನ ಮೈಯಂತೆ ನುಣ್ಣಗೆ ಮಾಡಿದ. ಹೆದೆ ಏರಿಸಿ ಎಳೆದರೆ ಚಟ್ಟನೆ ಮುರಿಯಿತು. ಆ ಸದ್ದಿಗೆ ಎದ್ದ ಹಕ್ಕಿಗಳ ಪುಕ್ಕ ಮೂರು ದಿನ ಉದುರಿತಂತೆ. ಅಜ್ಜಿ ಮುರಿದ ಜಾಗ ಸವರಿದಳು.

"ಕೋಲಿನ ಗಂಟು ಕೆತ್ತಿದೆಯೇನೋ?"

"ಸೊಟ್ಟಗಿತ್ತಜ್ಜಿ, ನಯ ಮಾಡಿದೆ."

"ನಯ ಮಾಡಿ ಅದರ ಮೇಲೆ ರೊಟ್ಟಿ ತಟ್ತೀಯಾ, ಮಂಕೆ?"

ಎರಡನೆಯದರ ಗಂಟು ಮುಟ್ಟಲ್ಲ ಅಂತ ಆಣೆ ಇಟ್ಟ. ಆದರೆ ಮಂಜು ಸರಿದು ಕೆಂಪು ಸೀರೆ ಕಂಡಿತು. ಕಣ್ಣು ಅತ್ತ ಹೋಯಿತು, ಕೈ ತನ್ನ ಪಾಡಿಗೆ ಹಳೇ ಕಸುಬು ಮಾಡಿತು. ಅದೂ ಮುರಿಯಿತು.

ಮೂರನೆಯದಕ್ಕೆ ಅಜ್ಜಿ ಅವನ ಹೆಬ್ಬೆರಳು ಹಿಡಿದು ಗಂಟಿನ ಮೇಲಿಟ್ಟಳು. "ಕೊಂಬೆ ಹುಟ್ಟಿದ ಹೊಕ್ಕುಳ ಕಣೋ ಇದು. ಹೊಕ್ಕುಳ ಕೆತ್ತಿದರೆ ಯಾರು ಬದುಕ್ತಾರೆ?"

ಪಾಲಯ್ಯ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ. ಬಂಡೆ ಬಳಸಿ ನೀರು ಹರಿಯುವಂತೆ ಉಳಿ ಗಂಟನ್ನು ಬಳಸಿ ಹೋಯಿತಂತೆ. ಎಡಗೈ ಹೆಬ್ಬೆರಳು ಗಂಟು ಬಿಟ್ಟು ಏಳಲೇ ಇಲ್ಲವಂತೆ, ಒತ್ತಿ ಒತ್ತಿ ಅಗಲವಾಗಿ ಹೋಯಿತಂತೆ. ಬಿಲ್ಲು ಮೊಸಳೆ ಬೆನ್ನಿನ ಹಾಗೆ ಆಯಿತು. ದನ ಬೆದರಿಸೋಕೆ ಇಟ್ಕೊಳಪ್ಪಾ ಅಂತ ಊರು ನಕ್ಕಿತು.

ಹೆದೆ ಎಳೆದ. ಬಿಲ್ಲು ಬಗ್ಗಿತು, ಗಂಟಿನ ಹತ್ತಿರ ಉಸಿರು ಕಟ್ಟಿ ನಿಂತಿತು, ಮುರಿಯಲಿಲ್ಲ. ಬಾಣ ಮಂಜಿನಲ್ಲಿ ತೂತು ಕೊರೆದುಕೊಂಡು ಹೋಯಿತಂತೆ. ಆ ತೂತು ಸಂಜೆವರೆಗೂ ಮುಚ್ಚಲಿಲ್ಲವಂತೆ. ಅದರಾಚೆ ಹೆಬ್ಬೆರಳ ಗಾತ್ರಕ್ಕೆ ಮಗಳ ಮುಖ ಕಂಡಿತಂತೆ.

ನೂಲು ಹೋಯಿತು, ಹುರಿ ಹೋಯಿತು, ಹಗ್ಗ ಹೋಯಿತು, ಚಿನ್ನಕ್ಕ ಬಂದಳು. ಸೇತುವೆಯ ತೂಗಾಟ ನಿಲ್ಲುವ ಮೊದಲೇ ಸೂರಜ್ಜಿಯ ಮಡಿಲಲ್ಲಿ ಮಗು ಅತ್ತಿತು. ಆ ಮಗು ನಮ್ಮ ಮುತ್ತಜ್ಜನ ಅಜ್ಜ. ಬೇಕಾದರೆ ನನ್ನ ಹೆಬ್ಬೆರಳು ನೋಡಿ, ಹಾಗೇ ಅಗಲ.

ಬಿಲ್ಲು ಈಗಿಲ್ಲ. ಆದರೂ ತೂಗುಗಲ್ಲಿನ ಬಡಗಿ ಎಷ್ಟೇ ನಯದ ತೊಟ್ಟಿಲು ಮಾಡಲಿ, ಒಂದು ಗಂಟಿಗೆ ಉಳಿ ತಾಗಿಸುವುದಿಲ್ಲ. ಬಾಣಂತಿ ಹರಳೆಣ್ಣೆಯಲ್ಲಿ ಬೆರಳು ಅದ್ದಿ ಮೊದಲು ಆ ಗಂಟಿಗೆ ಸವರುತ್ತಾಳೆ, ಆಮೇಲೆ ಮಗುವಿನ ಹೊಕ್ಕುಳಿಗೆ.