ಬಾಗಿಲ ಕೂಗು

ಅಡಿವೆಪ್ಪ ಹೊಳೆ ದಂಡೆಯ ಆಶ್ರಮಕ್ಕೆ ಬಂದಾಗ ಹೊತ್ತು ನೆತ್ತಿಗೇರಿತ್ತು. ಅವನ ಸಿಟ್ಟು ಅದಕ್ಕಿಂತ ಮೇಲಕ್ಕೇರಿತ್ತು. ಚಿಕ್ಕಂದಿನಲ್ಲಿ ಇದೇ ಆಶ್ರಮದ ಅನ್ನ ಉಂಡು, ನಿರುಪಾಧಿ ಅಜ್ಜಾರ ಹತ್ತಿರ ಅಕ್ಷರ ತಿದ್ದಿದವನು ಅವನು. ಈಗ ಹುಬ್ಬಳ್ಳಿಯಲ್ಲಿ ಕಂಪನಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದ.

ಅಜ್ಜಾರು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಅಡಿವೆಪ್ಪ ಕಾಲಿಗೆ ಬಿದ್ದ. ಎದ್ದವನೇ ಶುರು ಮಾಡಿದ.

"ಅಜ್ಜಾರ, ಇಷ್ಟು ಓದಿದ ಮಂದಿ ಇಷ್ಟು ದಡ್ಡರು ಹೆಂಗ ಆಗತಾರ್ರಿ?"

"ಯಾರಪಾ ಅವರು?"

"ಉಸಿರಾಡಾಕ ಆಗದವರಿಗೆ ಆಕ್ಸಿಜನ್ ಮಷೀನ್ ಮಾರೋ ಕಂಪನಿಯವರು. ಮನ್ಯಾಗ ಮಷೀನ್ ಕೆಟ್ಟು ನಿಂತರ ಮಂದಿ ಏನ್ ಹುಡುಕತಾರ್ರಿ? ರಿಪೇರಿಯವರ ಫೋನ್ ನಂಬರ್. ನಾ ಅದನ್ನ ಅವರ ವೆಬ್‌ಸೈಟಿನಾಗ ಎಲ್ಲಾದಕ್ಕಿಂತ ಮ್ಯಾಲ, ದೊಡ್ಡದಾಗಿ ಇಟ್ಟಿದ್ದೆ. ಅದನ್ನ ಕೆಳಗ ನೂಕಿದ್ರು!"

"ಯಾರು ನೂಕಿದ್ರು?"

"ಎಲ್ಲಾರೂ! ಚೇರ್ಮನ್ನರು ತಮ್ಮ ಫೋಟೋ ಮ್ಯಾಲ ಬರಲಿ ಅಂದ್ರು. ಮ್ಯಾನೇಜರು ತಮಗ ಬಂದ ಪ್ರಶಸ್ತಿ ಹಾಕು ಅಂದ್ರು. ಚೇರ್ಮನ್ನರ ಅಳಿಯ ಒಬ್ಬಾಂವ ಅದಾನ, ಹೊಸಾ ಕಟ್ಟಡದ ವಿಡಿಯೋ ಹಾಕು, ಹಿಂದ ಹಾಡು ಹಚ್ಚು ಅಂದ. ನಂಬರ್ ಈಗ ತಳದಾಗ ಐತಿ, ಇರುವಿಯಷ್ಟ ಸಣ್ಣ ಅಕ್ಷರದಾಗ. ನಾಳೆ ಮುಂಜಾನೆ ಸೈಟು ಚಾಲೂ ಆಗತೈತಿ. ಗಂಡ ಉಸಿರಿಗೆ ಒದ್ದಾಡತಿದ್ದರ ಹೆಂಡತಿ ಇವರ ಹಾರ ತುರಾಯಿ ನೋಡಕೋತ ಕುಂದರಬೇಕೇನ್ರಿ?"

"ನೀ ಏನಂದಿ?"

ಅಡಿವೆಪ್ಪನ ದನಿ ತುಸು ಇಳಿಯಿತು.

"ಆತ್ರಿ ಸರ್ ಅಂದೆ. ದೊಡ್ಡವರ ಮಾತು, ಇಲ್ಲ ಅನ್ನಾಕ ಬರತೈತೇನ್ರಿ?"

ಅಜ್ಜಾರು ಮೊರದೊಳಗಿನ ಜೋಳ ಕೇರಿ ಕೆಳಗಿಟ್ಟರು.

"ಊಟದ ಹೊತ್ತಾತು. ಇವತ್ತ ಕೂಗು ನೀ ಹಾಕು."

ಆ ಆಶ್ರಮದಲ್ಲಿ ಒಂದು ಪದ್ಧತಿ. ಎಲೆಗೆ ಬಡಿಸುವ ಮೊದಲು ಒಬ್ಬರು ಬಾಗಿಲಿಗೆ ಹೋಗಿ, ಹೊಳೆಯ ಕಡೆ ಮುಖ ಮಾಡಿ, "ಹಸದವರು ಯಾರರ ಅದೀರೇನು? ಊಟಕ್ಕ ಬರ್ರಿ!" ಅಂತ ಕೂಗಬೇಕು. ಅಷ್ಟೇ. ದಾರಿಹೋಕರು, ದೋಣಿ ಕಾಯುವವರು ಕೇಳಿ ಒಳಗೆ ಬರುತ್ತಿದ್ದರು. ಅಡಿವೆಪ್ಪ ಓದುವ ಕಾಲಕ್ಕೆ ಈ ಕೂಗನ್ನು ಎಷ್ಟು ಸಲ ಹಾಕಿದ್ದನೋ.

"ಇವತ್ತ ಸ್ವಲ್ಪ ಛಂದಾಗಿ ಆಗಲಿ," ಅಂದರು ಅಜ್ಜಾರು. "ಮೊದಲ ನನ್ನ ಗುರುಗಳ ಹೆಸರು, ಅವರ ಗುರುಗಳ ಹೆಸರು ಹೇಳು. ಆಮ್ಯಾಲ ನನಗ ಮಂದಿ ಕೊಟ್ಟ ಬಿರುದು. ನಾಕು ಅದಾವು, ಒಂದೂ ಬಿಡಬ್ಯಾಡ."

ಅಡುಗೆಮನೆಯಿಂದ ಚನ್ನವೀರಯ್ಯ ಸವುಟು ಹಿಡಿದೇ ಇಣುಕಿದ.

"ಅಡಿಗಿ ಮಾಡಿದಾಂವ ನಾ ಅಂತನೂ ಬರಲ್ರಿ ಅಜ್ಜಾರ. ಮೂವತ್ತು ವರ್ಷ ಹೊಗಿ ಕುಡದೀನಿ, ಒಬ್ಬರರ ನನ್ನ ಹೆಸರು ಕೂಗ್ಯಾರೇನು?"

"ಬರಲಿ, ಅದೂ ಬರಲಿ. ಊಟಕ್ಕ ಬರ್ರಿ ಅನ್ನೂದು ಕಟ್ಟಕಡೀಗೆ ಇರಲಿ."

ಅಜ್ಜಾರಿಗೆ ಇದೇನು ಹುಚ್ಚು ಹಿಡಿಯಿತು ಅನ್ನಿಸಿತು ಅಡಿವೆಪ್ಪನಿಗೆ. ಅಜ್ಜಾರು ಎದ್ದು ಒಳಗೆ ಹೋಗಿ ಎಲೆಯ ಮುಂದೆ ಕೂತರು; ಅವನು ಅನ್ನಿಸಿದ್ದನ್ನು ನುಂಗಿಕೊಂಡು ಬಾಗಿಲಿಗೆ ನಡೆದ.

ಹೊರಗೆ ರಣರಣ ಬಿಸಿಲು. ದಂಡೆಯಲ್ಲಿ ದೋಣಿ ನಿಂತಿತ್ತು. ಬುಟ್ಟಿ ಹೊತ್ತ ಒಬ್ಬ ಮುದುಕಿ ದಾರಿಯಲ್ಲಿ ಕಾಲೆಳೆಯುತ್ತ ಬರುತ್ತಿದ್ದಳು.

ಅಡಿವೆಪ್ಪ ಗಂಟಲು ಸರಿ ಮಾಡಿಕೊಂಡು ಗುರುಗಳ ಹೆಸರಿನಿಂದ ಶುರು ಮಾಡಿದ. ಮುದುಕಿ ನಿಂತಳು. ಬುಟ್ಟಿ ಇಳಿಸಿದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅವನ ಬಾಯನ್ನೇ ನೋಡತೊಡಗಿದಳು. ಹಸಿದಿದ್ದಾಳೆ ಅಂತ ಅವನಿಗೆ ನೋಡಿದ ಕೂಡಲೇ ತಿಳಿಯಿತು. ತಿಳಿದು ಏನು ಬಂತು? ಬಿರುದುಗಳು ಇನ್ನೂ ಶುರುವೇ ಆಗಿರಲಿಲ್ಲ.

ಆ ಬಿರುದುಗಳೋ, ಒಂದಕ್ಕಿಂತ ಒಂದು ಉದ್ದ. ಎರಡನೆಯದಕ್ಕೆ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾಲ್ಕನೆಯದಕ್ಕೆ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಅಡಿವೆಪ್ಪ ಅವಸರ ಮಾಡಿದ, ಆದರೆ ಒಂದು ಅಕ್ಷರವನ್ನೂ ಬಿಡಲಿಲ್ಲ. ಚನ್ನವೀರಯ್ಯನ ಮೂವತ್ತು ವರ್ಷ ಮುಗಿಸಿ "ಹಸದವರು ಯಾರರ ಅದೀರೇನು" ಅನ್ನುವಷ್ಟರಲ್ಲಿ ಅವಳು ದೋಣಿ ಹತ್ತಿಯಾಗಿತ್ತು.

ಅಡಿವೆಪ್ಪ ಓಡಿದ. ಮೊಣಕಾಲುಮಟ ನೀರಿಗಿಳಿದ.

"ಅವ್ವಾ, ಊಟ ಐತಿ! ಇಳಿ, ಉಂಡು ಹೋಗು!"

"ಮೊದಲ ಹೇಳಾಕ ಏನಾಗಿತ್ತೋ ನಿನಗ ಧಾಡಿ!" ಮುದುಕಿ ದೋಣಿಯಿಂದಲೇ ಬೈದಳು. "ನಿನ್ನಿಯಿಂದ ಒಂದ ಅಗಳು ಕಂಡಿಲ್ಲ ನಾ. ಯಾರೋ ದೊಡ್ಡ ಮಂದಿಗೆ ಸನ್ಮಾನ ನಡದೈತಿ, ನಮ್ಮಂಥವರಿಗೆ ಅಲ್ಲೇನ ಕೆಲಸ ಅಂತ ಬಂದೆ."

ಆಚೆ ದಂಡೆಗೆ ಬಸ್ಸು ಬರುವ ಹೊತ್ತಾಗಿತ್ತು. ಅಂಬಿಗ ದೋಣಿ ತಿರುಗಿಸಲಿಲ್ಲ.

ಅಡಿವೆಪ್ಪ ಒದ್ದೆ ಕಾಲಲ್ಲೇ ಒಳಗೆ ನುಗ್ಗಿದ. ಅಜ್ಜಾರ ಮುಂದೆ ಅವನು ಎಂದೂ ದನಿ ಏರಿಸಿದವನಲ್ಲ. ಇವತ್ತು ಏರಿಸಿದ.

"ಆಕಿ ಉಪವಾಸ ಹೋದ್ಲು! ಬಾಗಿಲ ಮುಂದ ಬಂದು ನಿಂತಾಕಿ ಉಪವಾಸ ಹೋದ್ಲು! ಊಟಕ್ಕ ಬಾ ಅನ್ನೂದು ಒಂದ ಮಾತು ಸಾಕಾಗಿತ್ತು. ನಿಮ್ಮ ಬಿರುದು ಆಕಿಗೆ ಯಾತಕ್ಕ ಬೇಕಾಗಿತ್ರಿ? ನಾಚಿಕಿ ಬರಬೇಕು!"

ಅಜ್ಜಾರು ತಮ್ಮ ಮುಂದಿನ ಎಲೆಯನ್ನು ಮಡಚಿ ಪಕ್ಕಕ್ಕಿಟ್ಟರು. ಆ ದಿನ ಅವರು ಉಣ್ಣಲಿಲ್ಲ.

"ಖರೇ," ಅಂದರು. "ಮತ್ತ ನೀ ನಡುವ ಯಾಕ ನಿಲ್ಲಿಸಲಿಲ್ಲ?"

"ನೀವ ಹೇಳಿದ್ರಿ. ಗುರುಗಳ ಮಾತು, ಇಲ್ಲ ಅನ್ನಾಕ..."

ಇದೇ ಮಾತನ್ನು ಆಗಲೇ ಕಟ್ಟೆಯ ಹತ್ತಿರ ಆಡಿದ್ದು ಅಡಿವೆಪ್ಪನಿಗೆ ನೆನಪಾಯಿತು.

"ನಾ ಒಳಗ ಕುಂತಿದ್ದೆ ಅಡಿವೆಪ್ಪಾ, ನನಗ ಆಕಿ ಕಾಣತಿರಲಿಲ್ಲ. ನಿನಗ ಕಾಣತಿದ್ಲು."