ಬೂಟಿನೊಳಗಿನ ಕಾಲು

ದೊಡ್ಡ ಗುರುಗಳು ತೀರಿಕೊಂಡು ನಲವತ್ತು ವರ್ಷವಾದರೂ ಅವರ ಕಾಲು ಅವರ ಬೂಟಿನಲ್ಲೇ ಇದೆ ಎಂದು ಆಗ ಎಲ್ಲರೂ ನಂಬಿದ್ದರು.

ಹಿಮದ ಕಣಿವೆಯ ಆ ಆಶ್ರಮದಲ್ಲಿ ಇದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಪ್ರಶ್ನಿಸುವಂಥವರು ಅಷ್ಟು ದೂರ ಹತ್ತಿ ಬರುವುದಿಲ್ಲ.

ಪುರಾವೆಯೂ ಇತ್ತು. ಪ್ರತಿ ಸೋಮವಾರ ಬೂಟುಗಳಿಗೆ ಅಭಿಷೇಕ, ಒಂದೊಂದಕ್ಕೂ ಒಂದು ತಂಬಿಗೆ ನೀರು. ಬೋರಲು ಹಾಕಿದರೆ ಅರ್ಧ ತಂಬಿಗೆ ಮಾತ್ರ ಹೊರಗೆ ಬರುತ್ತಿತ್ತು. ಉಳಿದದ್ದನ್ನು ಒಳಗಿನ ಕಾಲು ಕುಡಿಯುತ್ತದೆ ಎನ್ನುತ್ತಿದ್ದರು.

ಒಳಗೆ ಕೈ ಹಾಕಿ ನೋಡುವಂತಿರಲಿಲ್ಲ. ಗುರುವಿನ ಪಾದವನ್ನು ಹಾಗೆಲ್ಲ ತಡಕಾಡುತ್ತಾರೆಯೇ?

ಪ್ರತಿ ಚಳಿಗಾಲ ಒಬ್ಬ ಶಿಷ್ಯ ಆ ಬೂಟು ತೊಟ್ಟು, ಅವಕ್ಕೆ ಉದ್ದನೆಯ ಹಲಗೆ ಬಿಗಿದುಕೊಂಡು, ಹಿಮದ ಮೇಲೆ ಜಾರುತ್ತ ಕೆಳಗಿನ ಹಳ್ಳಿಗೆ ಹೋಗಿ ಉಪ್ಪು ತರಬೇಕು. ಯೋಗ್ಯನಾದರೆ ಒಳಗಿನ ಕಾಲು ಜಾಗ ಬಿಡುತ್ತದೆ. ಇಲ್ಲದಿದ್ದರೆ ಬೂಟು ಕಚ್ಚುತ್ತದೆ. ಕಚ್ಚಿಸಿಕೊಂಡವನು ಆಶ್ರಮ ಬಿಟ್ಟು ಹೋಗಬೇಕು.

ಈಗಿನ ಗುರುಗಳಿಗೆ ಜಾಗ ಸಿಕ್ಕಿತ್ತು. ಅವರು ಅದೇ ಬೂಟಿನಲ್ಲಿ ವರ್ಷಗಟ್ಟಲೆ ಓಡಾಡಿದವರು. ಅವರ ಮಂಡಿ ಸೋತ ಮೇಲೆ ಬೂಟು ಪೀಠ ಏರಿತು, ಅಭಿಷೇಕ ಶುರುವಾಯಿತು. ಆಮೇಲೆ ಹೋದ ಆರು ಮಂದಿ ಶಿಷ್ಯರಲ್ಲಿ ಒಬ್ಬನಿಗೂ ಜಾಗ ಸಿಗಲಿಲ್ಲ. ಇದರಿಂದ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಆರನೆಯವನು ಮರುಳಯ್ಯ. ಹದಿನೈದು ದಿನದ ಹಿಂದೆ ಅರ್ಧದಾರಿಯಿಂದ ತೆವಳಿಕೊಂಡು ಬಂದಿದ್ದ. ಎಡಗಾಲಿನ ಮೂರು ಬೆರಳು ಇದ್ದಿಲಾಗಿದ್ದವು. ಗುರುಗಳೇ ಕತ್ತರಿಸಿ ತೆಗೆದರು. ಗಾಯ ಮಾಗಿದ ಮೇಲೆ ಅವನೂ ಊರಿಗೆ ಹೊರಡಬೇಕು.

ಉಪ್ಪು ಬಂದಿರಲಿಲ್ಲವಾದ್ದರಿಂದ ಅದೇ ಚಳಿಗಾಲದಲ್ಲಿ ಇನ್ನೊಬ್ಬ ಹೊರಡಬೇಕಾಯಿತು. ಏಳನೆಯವನು ಕೊಟ್ರೇಶ. ಆಶ್ರಮಕ್ಕೆ ಬಂದು ಒಂಬತ್ತು ವರ್ಷ. ಇಲ್ಲಿಂದ ಬೇರೆಲ್ಲಿಗೂ ಹೋಗುವ ಮನಸ್ಸಿರಲಿಲ್ಲ. ಕಾಲ್ಬೆರಳುಗಳನ್ನು ಕಳೆದುಕೊಳ್ಳುವ ಮನಸ್ಸೂ ಇರಲಿಲ್ಲ. ಎರಡೂ ಬೇಕೆನ್ನುವುದು ವೈರಾಗ್ಯದ ಲಕ್ಷಣವಲ್ಲ ಎಂದು ಅವನಿಗೆ ಗೊತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಬೂಟನ್ನು ಕಣ್ಣಿಗೊತ್ತಿಕೊಂಡು ಬಲಗಾಲು ಇಳಿಸಿದ.

ಒಳಗೆ ಕಾಲಿತ್ತು.

ಅವನ ಹಿಮ್ಮಡಿ ಬೇರೆ ಯಾರದೋ ಹಿಮ್ಮಡಿಯ ಗುಂಡಿಗೆ ಬಿತ್ತು. ಬೆರಳು ಚಾಚಿದರೆ ತುಸು ಮುಂದೆ ಐದು ಕುಳಿ ತಾಗಿದವು. ಎಲ್ಲ ತಣ್ಣಗೆ, ಒದ್ದೆಯಾಗಿ. ಅವನು ಕಾಲೆತ್ತಿದ. ಅದೂ ಅವನ ಅಂಗಾಲಿಗೆ ಅಂಟಿಕೊಂಡು ಎದ್ದಿತು. ಅವನು ಕಾಲೂರಿದ. ಅದು ಅವನಿಗಿಂತ ಒಂದು ಗಳಿಗೆ ತಡೆದು ಕೆಳಗಿಳಿಯಿತು.

"ಹೇಗಿದ್ದಾರೆ?" ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ ಮರುಳಯ್ಯ ಕೇಳಿದ.

"ಇದ್ದಾರೆ."

"ನನ್ನ ಹತ್ತಿರ ಮೂರು ಇಸಿದುಕೊಂಡರು. ನಿನ್ನ ಹತ್ತಿರ ಎಷ್ಟು ಕೇಳುತ್ತಾರೋ."

"ಸುಮ್ಮನಿರೋ."

"ಸುಮ್ಮನೆ ಇರದೆ ಏನು, ಎದ್ದು ಕುಣಿಯಲೇ?"

ಗುರುಗಳು ಅಂಗಳದಲ್ಲಿ ಕೂತು ಹಲಗೆಗೆ ಜೇನುಮೇಣ ತಿಕ್ಕುತ್ತಿದ್ದರು. ಎಪ್ಪತ್ತು ದಾಟಿದ ಎತ್ತರದ ಆಳು. ದೊಡ್ಡ ಗುರುಗಳನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಅವರೊಬ್ಬರೇ. ಕೊಟ್ರೇಶ ಬೂಟುಗಳನ್ನು ಎದೆಗವುಚಿಕೊಂಡು ಅವರ ಮುಂದೆ ನಿಂತ.

"ಗುರುಗಳೇ, ಪಾದ ಅಲುಗಾಡಿತು."

"ಎತ್ತ ಕಡೆ?"

ಅವನು ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. "ಹಿಂದಕ್ಕೆ. ನಾನು ಮುಂದೆ ಹೋದರೆ ಅದು ಹಿಂದಕ್ಕೆ ಜರುಗುತ್ತದೆ."

"ನಿನ್ನ ಹಿಮ್ಮಡಿ ಮೇಲೇಳುತ್ತದೆಯೇ?"

"ಹೌದು."

"ಹಾಗಾದರೆ ಹಲಗೆ ನಿನ್ನ ಮಾತು ಕೇಳುವುದಿಲ್ಲ. ನೀನು ತಿರುಗಿಸುವಷ್ಟರಲ್ಲಿ ಕಮರಿಯಲ್ಲಿರುತ್ತೀಯ. ಕೈ ಹಾಕಿ ತೆಗೆ ಅದನ್ನು."

ಕೊಟ್ರೇಶ ಕೈಮುಗಿದ.

"ಆರು ಜನರಿಗೂ ಇದನ್ನೇ ಹೇಳಿದೆ. ಆರು ಜನವೂ ಹೀಗೇ ಕೈಮುಗಿದರು."

"ನೀವೇ ತೆಗೆಯಬಹುದಿತ್ತಲ್ಲ?"

"ಮೊದಲನೆಯವನಿಗೆ ತೆಗೆಯಲು ಹೋದೆ. ಬೂಟು ಕಿತ್ತುಕೊಂಡು ಓಡಿದ. ಆಮೇಲೆ ನನಗೂ ಸಾಕಾಯಿತು." ಗುರುಗಳು ಮೇಣ ತಿಕ್ಕುವುದನ್ನು ನಿಲ್ಲಿಸಿದರು. "ಸಾಕಾಗಬಾರದಿತ್ತು. ಮರುಳಯ್ಯನ ಬೆರಳು ಕತ್ತರಿಸುವಾಗ ತಿಳಿಯಿತು."

ಮರುಳಯ್ಯ ಬಾಗಿಲಿನವರೆಗೆ ತೆವಳಿ ಬಂದಿದ್ದ.

"ಬೇಡ ಕಣೋ, ಕೊಟ್ರೇಶ."

ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಮೂರು ಬೆರಳು ಕೊಟ್ಟವನಿಗೆ ಒಳಗೆ ಕಾಲೇ ಇರಬೇಕಿತ್ತು.

ಕೊಟ್ರೇಶ ಅಂಗಳದಾಚೆಯ ಇಳಿಜಾರನ್ನು ನೋಡಿದ. ತನ್ನ ಕಾಲ್ಬೆರಳುಗಳನ್ನು ನೋಡಿದ. ಕಣ್ಣು ಮುಚ್ಚಿ ಬೂಟಿಗೆ ಕೈ ಇಳಿಸಿದ.

ಅದು ಸುಲಭವಾಗಿ ಬಿಡಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡಂತಿತ್ತು. ಎರಡನೆಯ ಸಲ ಎಳೆದಾಗ ಪಚಕ್ಕೆಂದು ಕೈಗೆ ಬಂತು.

ಕಪ್ಪಗೆ, ನೀರು ಸೋರುತ್ತ, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಪೂರ್ತಿ ಒಂದು ಪಾದ. ಅಂಚಿನಲ್ಲಿ ರೋಮವಿತ್ತು.

ಮರುಳಯ್ಯ ಮುಖ ಮುಚ್ಚಿಕೊಂಡ.

ಗುರುಗಳು ಅದನ್ನು ತೆಗೆದುಕೊಂಡು ಒದ್ದೆ ಬಟ್ಟೆಯಂತೆ ಹಿಂಡಿದರು. ನೀರಿನ ಜೊತೆಗೆ ಮಂಜುಗಡ್ಡೆಯ ಚೂರುಗಳೂ ಉದುರಿದವು.

"ಕಂಬಳಿ," ಅಂದರು. "ಎರಡು ಪದರ ಸೇರಿಸಿ ಹೊಲಿದ ಒಳಅಟ್ಟೆ. ಬರಿಗಾಲಿಗೆ ಬೂಟಿನ ತಳ ಒತ್ತದಿರಲಿ ಎಂದು ಹಾಕುವುದು. ನೀವು ಸೋಮವಾರ ನೀರು ಕುಡಿಸುತ್ತೀರಿ. ದಾರಿಯಲ್ಲಿ ಅದು ಗಡ್ಡೆ ಕಟ್ಟುತ್ತದೆ. ನಡೆಯುವವನ ಕಾಲೂ ಅದರ ಜೊತೆಗೆ."

ಅವರು ಒಣ ಕಂಬಳಿಯೊಂದನ್ನು ಹಾಸಿ ಕೊಟ್ರೇಶನನ್ನು ಅದರ ಮೇಲೆ ನಿಲ್ಲಿಸಿದರು. ಪಾದದ ಸುತ್ತ ಇದ್ದಿಲಿನಿಂದ ಗೆರೆ ಎಳೆದರು. ಕತ್ತರಿಸಿದರು. ಅಂಗಾಲಿನ ನಡುವಿನ ಹಳ್ಳಕ್ಕೆ ಸರಿಯಾಗಿ ಉಣ್ಣೆಯ ಒತ್ತು ಇಟ್ಟರು, ಹಿಮ್ಮಡಿ ಕೂರುವಲ್ಲಿ ಸುತ್ತ ಏರಿಸಿ ಹೊಲಿದರು. ಬೂಟಿನ ಒಳಭಾಗವನ್ನು ಬಿಸಿ ಬೂದಿ ತುಂಬಿ ಒಣಗಿಸಿದರು. ಮಧ್ಯಾಹ್ನದ ಹೊತ್ತಿಗೆ ಎರಡೂ ಕಾಲಿನವು ಸಿದ್ಧವಾದವು.

ಕೊಟ್ರೇಶ ತೊಟ್ಟು ನಾಲ್ಕು ಹೆಜ್ಜೆ ಹಾಕಿದ. ಹಿಮ್ಮಡಿ ಏಳಲಿಲ್ಲ. ಬೆರಳಿಗೆ ಏನೂ ತಾಗಲಿಲ್ಲ. ಒಳಗೆ ಯಾರೂ ಇರಲಿಲ್ಲ.

ಬೆಳಗಿನ ಭಯಕ್ಕಿಂತ ಈ ಖಾಲಿ ಬೂಟಿನ ಭಯ ಹೆಚ್ಚಿತ್ತು.

"ರಾತ್ರಿ ತಂಗಿದಲ್ಲಿ ಹೊರತೆಗೆದು ಒಲೆಯ ಹತ್ತಿರ ಒಣಗಿಸು," ಅಂದರು ಗುರುಗಳು. "ಮರುಳಯ್ಯ ಎಲ್ಲಿಗೂ ಹೋಗುವುದಿಲ್ಲ. ಮಿಕ್ಕ ಐವರಿಗೂ ಬರಲು ಹೇಳಿ ಕಳಿಸು."

ಕೊಟ್ರೇಶ ಹೊರಡಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಹಳೆಯ ಒಳಅಟ್ಟೆಯನ್ನು ಎತ್ತಿಕೊಂಡ. ಹಿಮ್ಮಡಿಯ ಗುಂಡಿಯಲ್ಲಿ ಅವನ ಹೆಬ್ಬೆರಳು ಗೆಣ್ಣಿನವರೆಗೆ ಇಳಿಯಿತು.

"ಕಂಬಳಿಯೇ ಇರಲಿ ಗುರುಗಳೇ. ಮೇಲಿನ ಗುರುತು ದೊಡ್ಡ ಗುರುಗಳ ಪಾದದ್ದೇ ತಾನೇ? ಸಾಮಾನ್ಯ ಮನುಷ್ಯನ ಭಾರಕ್ಕೆ ಇಷ್ಟು ಆಳ ಬೀಳುತ್ತದೆಯೇ?"

ಬಾಗಿಲಲ್ಲಿ ಮರುಳಯ್ಯ ತಲೆಯೆತ್ತಿದ.

ಗುರುಗಳು ಒಳಅಟ್ಟೆಯನ್ನು ಹಿಮದ ಮೇಲೆ ಇಟ್ಟು ತಮ್ಮ ಬರಿಗಾಲನ್ನು ಅದರ ಮೇಲೆ ಊರಿದರು. ಐದು ಕುಳಿಯಲ್ಲಿ ಐದು ಬೆರಳು ಕೂತವು.

"ಇಬ್ಬರ ಭಾರ ಅದು," ಅಂದರು. "ಬೆನ್ನ ಮೇಲೆ ಹೊತ್ತುಕೊಂಡು ಓಡಾಡುತ್ತಿದ್ದೆ. ದೊಡ್ಡ ಗುರುಗಳಿಗೆ ಹುಟ್ಟಿನಿಂದಲೇ ಕಾಲಿರಲಿಲ್ಲ."